ಖಾಲಿ ಹಾಳೆಯ ಕೆಳಗೆ ನನ್ನ ಸಹಿ

ಹತ್ತು ದಿನದ ಹಿಂದೆ ಒಂದು ಬೆಳಿಗ್ಗೆ ಮೆಟ್ಟುಕತ್ತಿಯ ಮೇಲೆ ಕೂತು ಮಟ್ಟುಗುಳ್ಳ ಹೆಚ್ಚುತ್ತಿದ್ದೆ. ಫೋನ್ ಬಂತು. ಗೊತ್ತಿಲ್ಲದ ನಂಬರ್. ಕೈಯೆಲ್ಲ ಬದನೆಯ ಕಲೆ. ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ.

"ವಾರಿಜ ಅಲ್ವಾ? ನಾನು ಬೆನೆಡಿಕ್ಟ್. ಕೆಮ್ಮಣ್ಣಿನಿಂದ. ನಿಮಗೆ ಹಿಸ್ಟರಿ ಮಾಡ್ತಿದ್ದೆ."

ಮೆಟ್ಟುಕತ್ತಿಯಿಂದ ಎದ್ದು ನಿಂತೆ. (ಮನೆಯಲ್ಲಿ ನನ್ನ ಬಿಟ್ಟರೆ ಯಾರೂ ಇರಲಿಲ್ಲ. ಆದರೂ ನಿಂತೆ.)

"ನಿನ್ನ ನಂಬರ್ ಪೇಪರಿನವರ ಹತ್ತಿರ ಕೇಳಿ ತಕ್ಕೊಂಡೆ. ಲೇಖನ ಓದಿದೆ. ಚೆಂದ ಉಂಟು. ತಪ್ಪು ನಾಲ್ಕುಂಟು. ಬರ್ಕೊಳ್ತೀಯಾ?"

ಮೂವತ್ತು ವರ್ಷಕ್ಕೂ ಮೇಲೆ ಕೇಳಿರದ ದನಿ. ಬರೆದುಕೊಳ್ಳಲು ಪೆನ್ನು ಹುಡುಕಿದೆ. ಸಿಗಲಿಲ್ಲ.

"ಒಂದು. ನಾನು ಸೈಕಲಲ್ಲಿ ಬರ್ತಿದ್ದೆ ಅಂತ ಬರ್ದಿದ್ದಿ. ನನಗೆ ಸೈಕಲ್ ಬಿಡ್ಲಿಕ್ಕೆ ಇವತ್ತಿಗೂ ಬರುವುದಿಲ್ಲ. ಅದು ಕಾಮರ್ಸಿನವರು. ಎರಡು. ಕ್ಲಾಸಿನ ಕಿಟಕಿಯ ಹೊರಗೆ ಇದ್ದದ್ದು ಹಲಸಿನ ಮರ ಅಲ್ಲ, ಗೋಳಿಮರ. ಮೂರು. ಆಗ ನನಗೆ ಕನ್ನಡಕ ಇರ್ಲಿಲ್ಲ ಮಾರಾಯ್ತಿ."

"ನಾಲ್ಕು, ಸರ್?"



"ನಾಲ್ಕನೆಯದ್ದು ದೊಡ್ಡದು. ನಮ್ಮನ್ನು ಒಂದು ಮಾತು ಕೇಳಿದ್ದರೆ ಬೆನ್ನಿ ಸರ್ ಕಾಲೇಜು ಬಿಟ್ಟು ಗಲ್ಫಿಗೆ ಹೋಗುತ್ತಿರಲಿಲ್ಲ ಅಂತ ಬರ್ದಿದ್ದಿ. ಕೇಳಿದ್ರು, ವಾರಿಜಾ. ನಿಮ್ಮನ್ನು ಕೇಳಿದ್ರು. ಈ ಮೇಷ್ಟ್ರು ಬೇಡ ಅಂತ ನೀವು ಸಹಿ ಹಾಕಿ ಕೊಟ್ಟಿದ್ದೀರಿ."

"ಯಾರು ಸರ್?"

"ನಲ್ವತ್ತೇಳು ಮಂದಿ. ನಿನ್ನದು ಮೂರನೆಯದ್ದು."

ಗುಳ್ಳ ನೀರಿಗೆ ಹಾಕಲು ಮರೆತೆ. ಎಲ್ಲ ಕಪ್ಪಾಯಿತು.

ಹೋದ ತಿಂಗಳ ಆ ಲೇಖನ ಓದದವರಿಗೆ ಎರಡು ಮಾತು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ, ಅವುಗಳ ಘಟಕ ಕಾಲೇಜುಗಳಲ್ಲಿ ಹೊಸದಾಗಿ ಸೇರಿದ ಅಧ್ಯಾಪಕರನ್ನು ಕೂಡಲೇ ಖಾಯಂ ಮಾಡುವುದಿಲ್ಲ. ಮೊದಲು ಪ್ರೊಬೇಷನ್. ಅದು ಮುಗಿದ ಮೇಲೆ "ಇವರ ಸೇವೆ ತೃಪ್ತಿಕರ" ಎಂದು ಯಾರೋ ಬರೆಯಬೇಕು, ಇನ್ಯಾರೋ ಒಪ್ಪಬೇಕು. ಆ ಯಾರೋ ಯಾರಾಗಿರಬೇಕು? ಸಂಬಳ ಕೊಡುವವರು ನಾವು ಎನ್ನುತ್ತದೆ ಸರ್ಕಾರ. ಠರಾವು ಮಾಡುವವರು ನಾವು ಎನ್ನುತ್ತದೆ ಸಿಂಡಿಕೇಟ್. ವಿಷಯ ಬಲ್ಲವರು ನಾವು ಎನ್ನುತ್ತಾರೆ ವಿಭಾಗದ ಹಿರಿಯರು. ನಾನು ಬರೆದದ್ದು ಇಷ್ಟೇ: ನೀವೆಲ್ಲ ಸುಮ್ಮನಿರಿ, ಬೆಂಚಿನಲ್ಲಿ ಕೂತ ಮಕ್ಕಳನ್ನು ಕೇಳಿ.

ಸಾಕ್ಷಿಗೆ ಬೆನ್ನಿ ಸರ್ ಕತೆ ಹೇಳಿದ್ದೆ. ಬೆನೆಡಿಕ್ಟ್ ಅಂದರೆ ನಮಗೆ ಬೆನ್ನಿ ಸರ್, ನಮ್ಮೆಲ್ಲರ ಪ್ರೀತಿಯ ಮೇಷ್ಟ್ರು. ಯಾವನೋ ಅಧಿಕಾರಿ ಫೈಲು ತಡೆದ, ಬೇಸತ್ತು ಗಲ್ಫಿಗೆ ಹೋದರು. ನಮ್ಮನ್ನು ಯಾರೂ ಕೇಳಲಿಲ್ಲ. ಎಷ್ಟು ಚೆಂದದ ಕತೆ! ಓದಿದವರು ಕಣ್ಣು ಒದ್ದೆಯಾಯಿತು ಎಂದು ಮೆಸೇಜ್ ಮಾಡಿದ್ದರು. ನಾನೂ ನಾಲ್ಕು ಸಲ ಓದಿಕೊಂಡಿದ್ದೆ.

ಇನ್ನೊಂದು ವಿಷಯವನ್ನು ಅಂದು ಬರೆದಿರಲಿಲ್ಲ. ಈಗ ಬರೆಯುತ್ತೇನೆ. ಆ ಲೇಖನ ಬರೆಸಿದವನು ನನ್ನ ಕ್ಲಾಸ್‌ಮೇಟ್ ಸದಾನಂದ. ಕಾಪುವಿನಲ್ಲಿ ಅವನದು ಬಲೆ, ಹಗ್ಗದ ಅಂಗಡಿ. ಅವನ ಮಗಳು ಕಾರ್ಕಳದ ಕಡೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾಳೆ. (ಅವಳ ಹೆಸರು ಬದಲಿಸಿ ಅಕ್ಷತಾ ಎನ್ನುತ್ತೇನೆ. ಅಪ್ಪನ ಹೆಸರು ನಿಜದ್ದೇ, ಅವನೇ ಹಾಕೆಂದ.) ಪ್ರೊಬೇಷನ್ ಮುಗಿದು ತಿಂಗಳುಗಳಾಗಿವೆ. ವಿಭಾಗದ ಮುಖ್ಯಸ್ಥರ ವರದಿಯಲ್ಲಿ ಒಂದೇ ಶಬ್ದ: ಸಾಧಾರಣ. ಆ ಒಂದು ಶಬ್ದ ಹಿಡಿದುಕೊಂಡು ಫೈಲು ಕೂತಿದೆ. ಖಾಯಂ ಆಗಬಹುದು, ಮನೆಗೂ ಹೋಗಬಹುದು. "ಮಕ್ಕಳಿಗೆ ಅವಳೆಂದ್ರೆ ಜೀವ. ಅವರನ್ನು ಕೇಳ್ಲಿ ಅಂತ ನೀನೊಂದು ಬರಿ ಮಾರಾಯ್ತಿ" ಎಂದಿದ್ದ ಸದಾನಂದ. ಬರೆದೆ. ಗೆಳೆಯನ ಮಗಳ ವಿಷಯ ಎಂದು ಹೇಳದೆ ಬರೆದೆ.

ಸರ್ ಲೆಕ್ಕದಲ್ಲಿ ಇದು ಐದನೆಯ ತಪ್ಪು. ಅವರಿಗೆ ಗೊತ್ತಿರಲಿಲ್ಲ ಅಷ್ಟೆ.

ಈಗ ಹಳೆಯದಕ್ಕೆ ಬರುತ್ತೇನೆ. ಎಚ್ಚರಿಕೆಯಿಂದ ಬರುತ್ತೇನೆ.

ನಮ್ಮ ಕಾಲೇಜು ಹಿರಿಯಡ್ಕದ ಆಚೆ, ಕಾರ್ಕಳ ರಸ್ತೆಯ ಬದಿಗಿತ್ತು. ಹಂಚಿನ ಮಾಡು, ಉದ್ದ ಜಗಲಿ, ಐದು ಕೋಣೆ. ನಾನು, ಸದಾನಂದ, ಇನ್ನೂ ಕೆಲವರು ಕಾಪುವಿನಿಂದ ಹೊರಟು ಉಡುಪಿಯಲ್ಲಿ ಬಸ್ ಬದಲಿಸಿ ಹೋಗಬೇಕು. ಎಕ್ಸ್‌ಪ್ರೆಸ್ ಬಸ್ಸುಗಳು ಕಾಲೇಜಿನ ಎದುರು ನಿಲ್ಲುತ್ತಿರಲಿಲ್ಲ. ಕಂಡಕ್ಟರ್ ಸೀಟಿ ಊದುತ್ತ ನಮ್ಮನ್ನು ನೋಡಿ ನಗುತ್ತ ಹೋಗುತ್ತಿದ್ದ. ಆ ನಗು ನನಗೆ ಚೆನ್ನಾಗಿ ನೆನಪಿದೆ. (ಗೋಳಿಮರವೇ ಹಲಸಾದ ಮೇಲೆ ಈ ನಗುವಿನ ಗತಿ ಏನೋ.)

ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಇಡೀ ಜಗಲಿ ಬಂಗುಡೆ ಸಾರಿನ ಪರಿಮಳ. ಬುತ್ತಿ ತರದ ದಿನ ರಸ್ತೆಯಾಚೆಯ ಹೋಟೆಲಿನ ಬನ್ಸ್. ಲೈಬ್ರರಿ ಎಂದರೆ ಎರಡು ಬೀರು. ಒಂದರ ಬೀಗದಕೈ ಕಳೆದುಹೋಗಿತ್ತು. ಆ ಬೀಗ ಹಾಕಿದ ಬೀರುವಿನ ಪುಸ್ತಕಗಳೇ ನಮಗೆ ಬಹಳ ಒಳ್ಳೆಯವು ಅನಿಸುತ್ತಿತ್ತು.

ಬೆನ್ನಿ ಸರ್ ನಮಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು ಅಷ್ಟೆ. ಸಪೂರ ಆಳು. ಪಾಠದ ನಡುವೆ ನಾವು ಏನೇ ಹೇಳಿದರೂ ಅವರದು ಒಂದೇ ಪ್ರಶ್ನೆ: "ಕಂಡದ್ದಾ, ಕೇಳಿದ್ದಾ?" ಯುದ್ಧದಲ್ಲಿ ಇಂಥವನು ಗೆದ್ದ ಎಂದರೂ ಅದೇ. ನಿನ್ನೆ ಬಸ್ ಕೆಟ್ಟುಹೋಯಿತು ಎಂದರೂ ಅದೇ. "ಕೇಳಿದ್ದಾದ್ರೆ ಯಾರ ಬಾಯಿಂದ? ಅವನು ಎಲ್ಲಿ ನಿಂತಿದ್ದ?"

ಶನಿವಾರ ಕೊನೆಯ ಐದು ನಿಮಿಷ ಪಾಠ ಇಲ್ಲ. ಬೋರ್ಡಿನ ಮೂಲೆಯಲ್ಲಿ ಬರೆಯುತ್ತಿದ್ದರು: ಈ ವಾರದ ನನ್ನ ತಪ್ಪುಗಳು. ಕೆಳಗೆ ಒಂದು, ಎರಡು, ಮೂರು. ತಮ್ಮನನ್ನು ಮಗ ಎಂದೆ. ಒಂದು ನದಿಯನ್ನು ಊರಿನ ತಪ್ಪು ಬದಿಯಲ್ಲಿ ಹರಿಸಿದೆ. ಸದಾನಂದನ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಅವನನ್ನೇ ಗದರಿಸಿದೆ.

ನಾವು ನಗುತ್ತಿದ್ದೆವು. ಬೇರೆ ಯಾವ ಮೇಷ್ಟ್ರೂ ತಪ್ಪು ಮಾಡುತ್ತಿರಲಿಲ್ಲವಲ್ಲ! ಇವರೊಬ್ಬರೇ ಮಾಡುತ್ತಿದ್ದರು, ವಾರ ವಾರ, ನಂಬರ್ ಹಾಕಿ.

ಫೋನ್ ಬಂದ ಮರುದಿನವೇ ಕೆಮ್ಮಣ್ಣಿಗೆ ಹೊರಟೆ. ಮಣಿಪಾಲದ ನನ್ನ ಮನೆಯಿಂದ ಉಡುಪಿ, ಅಲ್ಲಿಂದ ಇನ್ನೊಂದು ಬಸ್. ಹೊಳೆಗೆ ಬೆನ್ನು ಹಾಕಿ ನಿಂತ ಮನೆ, ಸುತ್ತ ತೆಂಗು. ಸರ್ ಗಾಳ ಹಾಕಿಕೊಂಡು ದಂಡೆಯಲ್ಲಿ ಕೂತಿದ್ದರು. ಈಗ ಕನ್ನಡಕ ಇದೆ. ಅವರ ಹೆಂಡತಿ, ನಿವೃತ್ತ ಟೀಚರ್, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವಳಾ ಮೂರನೆಯವಳು?" ಎಂದರು. ಆಮೇಲೆ ನಕ್ಕರು. ನಕ್ಕದ್ದರಿಂದ ನನಗೆ ಇನ್ನಷ್ಟು ಕಷ್ಟವಾಯಿತು.

ಸರ್ ಬೊಂಡ, ಅಂದರೆ ಎಳನೀರು, ಕೆತ್ತಿ ಕೊಟ್ಟರು. ಒಂದು ಪ್ಲಾಸ್ಟಿಕ್ ಫೈಲು ತಂದಿಟ್ಟರು. "ವಿವರಣೆ ಕೊಡಿ ಅಂತ ಆಗ ಮೆಮೊ ಬಂದಿತ್ತು. ಅದರ ಒಟ್ಟಿಗೆ ಕಳಿಸಿದ ಪ್ರತಿ ಇದು."

ಟೈಪ್ ಮಾಡಿದ ದೂರು. ಸದರಿ ಉಪನ್ಯಾಸಕರು ತರಗತಿಯಲ್ಲಿ ತಪ್ಪು ಪಾಠ ಮಾಡುತ್ತಾರೆಂಬುದನ್ನು ಪ್ರತಿ ಶನಿವಾರ ತಾವೇ ಬೋರ್ಡಿನ ಮೇಲೆ ಬರೆದು ಒಪ್ಪಿಕೊಂಡಿರುತ್ತಾರೆ. ಆದುದರಿಂದ ಇವರ ಸೇವೆಯನ್ನು ಖಾಯಂಗೊಳಿಸಬಾರದಾಗಿ ವಿನಂತಿ. ಇಂತಿ, ನೊಂದ ವಿದ್ಯಾರ್ಥಿಗಳು.

ಕೆಳಗೆ ಸಹಿಗಳು. ಮೂರನೆಯದು ನನ್ನದು. ಅನುಮಾನವೇ ಇಲ್ಲ. ಆ ವರ್ಷವಷ್ಟೇ ನಾನು ಹೊಸ ಸಹಿ ಕಲಿತಿದ್ದೆ. ಕೊನೆಯ ಅಕ್ಷರದಿಂದ ಒಂದು ಬಳ್ಳಿ ಹೊರಟು ಹೆಸರಿನ ಕೆಳಗೆ ಸುತ್ತಿ ಬರಬೇಕು. ಎಲ್ಲಿ ಸಿಕ್ಕಿದರೂ ಹಾಕುತ್ತಿದ್ದೆ. ಇಲ್ಲೂ ಬಳ್ಳಿ ಸುತ್ತಿ ಬಂದಿದೆ, ಬಹಳ ಚೆಂದವಾಗಿ.

"ಸರ್, ಇದನ್ನು ನಾನು ಓದಿಲ್ಲ. ದೇವರಾಣೆ."

"ಓದಿಲ್ಲ ಅಂತ ನೆನಪುಂಟಾ? ಓದಿದ್ದು ನೆನಪಿಲ್ಲವಾ?"

 ಹಾಳೆಯನ್ನೇ ನೋಡುತ್ತ ಕೂತೆ. ನೋಡುತ್ತ ನೋಡುತ್ತ ಒಂದು ವಿಷಯ ಕಂಡಿತು. ಮೇಲಿನ ಸಾಲುಗಳು ಧಾರಾಳವಾಗಿ ದೂರ ದೂರ ಇವೆ. ಕೆಳಗೆ ಬರುತ್ತ ಬರುತ್ತ ಒತ್ತೊತ್ತು. "ನೊಂದ ವಿದ್ಯಾರ್ಥಿಗಳು" ಎನ್ನುವುದು ಮೊದಲ ಸಹಿಯ ತಲೆಯ ಮೇಲೆ ಹತ್ತಿ ಕೂತಿದೆ. ಜಾಗ ಸಾಲದೆ ಟೈಪ್ ಮಾಡಿದ ಹಾಗೆ. ಅಂದರೆ ಸಹಿ ಮೊದಲು. ಒಕ್ಕಣೆ ಆಮೇಲೆ.

ತೋರಿಸಿದೆ. ಸರ್ ಕನ್ನಡಕ ತೆಗೆದು ಒರೆಸಿ ಪುನಃ ಹಾಕಿಕೊಂಡು ಹಾಳೆಯನ್ನು ಹೊಳೆಯ ಬೆಳಕಿಗೆ ಹಿಡಿದರು. ತುಂಬ ಹೊತ್ತು ಹಿಡಿದರು.

"ಇಷ್ಟು ವರ್ಷದಲ್ಲಿ ನಾನಿದನ್ನು ನೋಡ್ಲೇ ಇಲ್ಲ" ಎಂದರು. "ಹೆಸರುಗಳನ್ನು ಮಾತ್ರ ನೋಡ್ತಿದ್ದೆ. ವಾರಿಜ ಯಾಕೆ ಹಾಕಿದಳು, ಸದಾನಂದ ಯಾಕೆ ಹಾಕಿದ ಅಂತ. ಹಿಸ್ಟರಿ ಮೇಷ್ಟ್ರು ನಾನು. ಇದು ನನ್ನ ತಪ್ಪು. ಇದನ್ನೂ ಬರ್ಕೋ."

"ಗಲ್ಫಿಗೆ ಹೋದದ್ದು?"

"ಹೋದದ್ದು ನಿಜ. ಕೆಲಸ ಹೋದ ಮೇಲೆ ಹೋದದ್ದು. ಗೋದಾಮಿನಲ್ಲಿ ಕ್ಲಾರ್ಕ್. ಅಲ್ಲಿ ನನ್ನ ತಪ್ಪಿಗೆ ಬೋರ್ಡು ಕೊಡ್ಲಿಲ್ಲ." ಅವರು ನಕ್ಕರು. ಆಮೇಲೆ ನಗದೆ ಹೇಳಿದರು: "ನನ್ನ ವಿಷಯ ತೀರ್ಮಾನ ಮಾಡಿದವರಲ್ಲಿ ಒಬ್ಬನೂ ನನ್ನ ಕ್ಲಾಸಿನಲ್ಲಿ ಒಂದು ದಿನ ಕೂತವನಲ್ಲ. ಕೂತವರೆಲ್ಲ ಓದದೆ ಸಹಿ ಹಾಕಿದವರು. ಯಾರನ್ನು ಕೇಳ್ಬೇಕು ಅಂತ ನೀನು ಪೇಪರಲ್ಲಿ ಬರೀತಿ. ಯಾರನ್ನಾದ್ರೂ ಕೇಳ್ಲಿ. ಹೇಳುವವನು ಕಂಡು ಹೇಳ್ಬೇಕು, ಕೆಳಗೆ ಹೆಸರು ಹಾಕ್ಬೇಕು."

ಹೊರಡುವಾಗ ಗೇಟಿನವರೆಗೆ ಬಂದರು. "ಬೇಸತ್ತು ಮಕ್ಕಳನ್ನು ಬಿಟ್ಟು ಗಲ್ಫಿಗೆ ಹೋದವ ಅಂತ ಪೇಪರಲ್ಲಿ ಬಂದದ್ದು ಸರಿ ಆಗ್ಬೇಕು ವಾರಿಜಾ. ನನ್ನ ಮೊಮ್ಮಕ್ಕಳು ಓದ್ತಾರೆ." ಅಷ್ಟೇ ಕೇಳಿದ್ದು.

ಮನೆಗೆ ಬಂದು ಹಳೆಯ ಡೈರಿ ತೆಗೆದೆ. ನಾನು ಡೈರಿ ಬರೆಯುವವಳು. ನೆನಪನ್ನು ನಂಬದವಳು ಎಂದು ನಾಲ್ಕು ಮಂದಿಯ ಎದುರು ಹೇಳಿಕೊಳ್ಳುವವಳು. ಹೋದ ತಿಂಗಳು ಬರೆಯುವ ಮೊದಲು ಯಾಕೆ ತೆಗೆದು ನೋಡಲಿಲ್ಲ? ಕತೆ ಅಷ್ಟು ಚೆಂದ ಇದ್ದಾಗ ಯಾರು ನೋಡುತ್ತಾರೆ?

ಒಂದು ಪುಟದಲ್ಲಿ ಹೀಗಿದೆ: "ಎಕ್ಸ್‌ಪ್ರೆಸ್ ಬಸ್ ನಿಲ್ಲಿಸಲು ಅರ್ಜಿ. ಸದಾನಂದ ಖಾಲಿ ಹಾಳೆಗಳಿಗೆ ಸಹಿ ಹಾಕಿಸಿಕೊಂಡ. ನಾನು ಎರಡಕ್ಕೆ ಹಾಕಿದೆ. ಎರಡನೆಯದು ಚೆನ್ನಾಗಿ ಬಂತು. ಬನ್ಸ್ ತಿಂದೆವು."

ಓದುಗರಲ್ಲಿ ನಮ್ಮ ಪ್ರಾಯದವರಿಗೆ ಈ ಪದ್ಧತಿ ಗೊತ್ತು. ಅರ್ಜಿ ಬರೆದು ಸಹಿ ಸಂಗ್ರಹಿಸಿದರೆ ಒಬ್ಬೊಬ್ಬರೂ ಓದುತ್ತಾರೆ, ಚರ್ಚೆ ಮಾಡುತ್ತಾರೆ, ಬೆಲ್ ಆಗುತ್ತದೆ. ಆದ್ದರಿಂದ ಸಹಿ ಮೊದಲು. ಫುಲ್‌ಸ್ಕೇಪ್ ಹಾಳೆಯ ಮೇಲಿನ ಅರ್ಧ ಬಿಟ್ಟು ನಡುವಿನಿಂದ ಶುರು. "ಮ್ಯಾಟರ್ ಆಮೇಲೆ ಬರೆದರಾಯ್ತು." ಒಂದು ಹಾಳೆ ಹೆಚ್ಚೇ ಇರಲಿ ಎಂದು ಇನ್ನೊಂದಕ್ಕೂ ಹಾಕಿಸುವುದು. ಕುಡಿಯುವ ನೀರಿಗೆ ಬೇಕಾಗಬಹುದು, ಪರೀಕ್ಷೆ ಮುಂದೂಡಲು ಬೇಕಾಗಬಹುದು. ನಮ್ಮ ಸಹಿಗಳು ಸ್ಟಾಕ್ ಇರುತ್ತಿದ್ದವು.

ಮುಂದೆ ಕೆಲವು ತಿಂಗಳು ಬಿಟ್ಟು ಇನ್ನೊಂದು ಪುಟ: "ಬೆನ್ನಿ ಸರ್ ಕೊನೆಯ ಕ್ಲಾಸ್. ಗಲ್ಫಿಗಂತೆ. ಯಾರಿಗಾದರೂ ನನ್ನ ಹತ್ತಿರ ಏನಾದರೂ ಹೇಳಲಿಕ್ಕುಂಟಾ ಅಂತ ಎರಡು ಸಲ ಕೇಳಿದರು. ಎಲ್ಲರೂ ಒಟ್ಟಿಗೆ ಹ್ಯಾಪಿ ಜರ್ನಿ ಸರ್ ಅಂದೆವು.  ನಾನು ಅತ್ತೆ."

 ಅವರು ಎರಡು ಸಲ ಕೇಳಿದ್ದರು. ನಲವತ್ತೇಳು ಮಂದಿಯ ಸಹಿ ಕಿಸೆಯಲ್ಲಿಟ್ಟುಕೊಂಡು, ಕಾರಣ ಏನು ಎಂದು ಮಕ್ಕಳ ಮುಖ ನೋಡಿ ಕೇಳಿದ್ದರು. ನಾವು ಪ್ರಯಾಣ ಸುಖಕರವಾಗಲಿ ಎಂದಿದ್ದೆವು.

ಆ ದಿನ ಶನಿವಾರವೇ? ಬೋರ್ಡಿನ ಮೂಲೆಯಲ್ಲಿ "ಈ ವಾರದ ನನ್ನ ತಪ್ಪುಗಳು" ಎಂದು ಬರೆದು, ಕೆಳಗೆ ಒಂದು ಎಂದು ನಂಬರ್ ಹಾಕಿ, ಮುಂದೆ ಏನೂ ಬರೆಯದೆ ಹೋದರು ಎಂದು ನನಗೀಗ ಸ್ಪಷ್ಟವಾಗಿ ನೆನಪಾಗುತ್ತಿದೆ. ಡೈರಿಯಲ್ಲಿ ಅದಿಲ್ಲ. ಕಂಡದ್ದಾ? ಅಥವಾ ಈ ಲೇಖನಕ್ಕೆ ಬೇಕಾಗಿ ಈಗ ಕಾಣುತ್ತಿದ್ದೇನಾ? ಬರೆದು ಹೊಡೆದುಹಾಕಬೇಕಿತ್ತು. ಹೊಡೆದುಹಾಕಿಲ್ಲ. ನೀವೇ ಅರ್ಧ ನಂಬಿ.

ಮರುದಿನ ಕಾಪು. ಸದಾನಂದನ ಅಂಗಡಿಯೆಂದರೆ ನೈಲಾನ್ ಬಲೆಗಳ ರಾಶಿ, ಹಗ್ಗದ ಸುರುಳಿ, ತೇಲುವ ಬೆಂಡು. ಸಂಜೆ ಹೊತ್ತು, ಗಿರಾಕಿ ಇರಲಿಲ್ಲ. (ನಾವಿಬ್ಬರು ಮಾತಾಡಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ. ಬೈಗಳನ್ನು ಮಾಡಿಲ್ಲ.)

"ಬಾ ಬಾ ರೈಟರ್! ನಿನ್ನ ಲೇಖನಕ್ಕೆ ಫ್ರೇಮ್ ಹಾಕಿಸ್ತೇನೆ. ನೋಡಿಲ್ಲಿ, ಕೆಲಸ ಶುರು ಮಾಡಿ ಆಯ್ತು."

ಮೇಜಿನ ಮೇಲೆ ಬಲೆಗೆ ಕಟ್ಟುವ ಸೀಸದ ಗುಂಡು. ಅದರ ಕೆಳಗೆ ಮೂರು ಹಾಳೆ. ಮೇಲಿನ ಅರ್ಧ ಖಾಲಿ. ಕೆಳಗೆ ಸಹಿ, ಸಹಿ, ಸಹಿ.

"ಅಕ್ಷತಾಳ ಸ್ಟೂಡೆಂಟ್ಸು. ಅರವತ್ತು ಮಂದಿ! ಇಬ್ಬರ ಅಪ್ಪಂದಿರು ನಮ್ಮ ಗಿರಾಕಿಗಳು, ಅವರ ಮಕ್ಕಳ ಹತ್ತಿರ ಮಾಡಿಸಿದ್ದು. ಅವಳಿಗೆ ಗೊತ್ತಿಲ್ಲ. ಇನ್ನು ಮ್ಯಾಟರ್ ನೀನು ಬರಿ. ಒಳ್ಳೆ ಕನ್ನಡದಲ್ಲಿ, ಸಿಂಡಿಕೇಟಿನವರು ಕಣ್ಣೀರು ಹಾಕ್ಬೇಕು."

ನಾನು ಕೂತುಕೊಳ್ಳಲಿಲ್ಲ. ಮೊಬೈಲಿನಲ್ಲಿ ತೆಗೆದ ಕೆಮ್ಮಣ್ಣಿನ ಹಾಳೆಯ ಫೋಟೋ ತೋರಿಸಿದೆ. ಸದಾನಂದ ಎರಡು ಬೆರಳಲ್ಲಿ ದೊಡ್ಡ ಮಾಡಿ ಓದಿದ. ಮೊದಲನೆಯ ಸಹಿ ಅವನದೇ. ಅವನು ಕ್ಲಾಸ್ ಲೀಡರ್. ಓದಿ ಮೊಬೈಲ್ ಕೆಳಗಿಟ್ಟ. ಹಗ್ಗದ ತುದಿ ಹಿಡಿದು ಗಂಟು ಹಾಕಿದ, ಬಿಚ್ಚಿದ.

"ಬಸ್ಸಿನ ಹಾಳೆ" ಎಂದ.

"ಯಾರಿಗೆ ಕೊಟ್ಟಿ?"

"ಸ್ಟಾಫ್ ರೂಮಿನಲ್ಲಿ ಒಬ್ಬರು ದೊಡ್ಡ ಮೇಷ್ಟ್ರು. ಈಗ ಇಲ್ಲ ಅವರು, ಹೆಸರು ಬೇಡ. ಸಹಿ ಮಾಡಿದ ಹಾಳೆ ಹೆಚ್ಚು ಉಂಟಾ ಅಂತ ಕೇಳಿದ್ರು. ಕೊಟ್ಟೆ. ನನಗೆ ಅಟೆಂಡೆನ್ಸ್ ಶಾರ್ಟೇಜ್ ಇತ್ತು ಮಾರಾಯ್ತಿ, ಸರಿ ಮಾಡುವವರು ಅವರೇ. ಅಪ್ಪನೊಟ್ಟಿಗೆ ಬೋಟಿಗೆ ಹೋಗ್ತಿದ್ದೆ, ನಿನಗೆ ಗೊತ್ತುಂಟಲ್ಲ."

"ಎಂತಕ್ಕೆ ಅಂತ ಕೇಳ್ಲಿಲ್ವಾ?"

"ಇಲ್ಲ."

"ಗೊತ್ತಿತ್ತಾ?"

ಗಂಟು. ಬಿಚ್ಚಿದ. "ಅರ್ಧ ಗೊತ್ತಿತ್ತು" ಎಂದ. "ಉಳಿದ ಅರ್ಧ ಗೊತ್ತಾಗ್ಬಾರ್ದು ಅಂತ ಕೇಳ್ಲಿಲ್ಲ."

ನಾನೇನು ದೊಡ್ಡವಳು? ಎರಡು ಖಾಲಿ ಹಾಳೆಗೆ ಸಹಿ ಹಾಕಿ, ಎರಡನೆಯದು ಚೆನ್ನಾಗಿ ಬಂತು ಎಂದು ಬರೆದುಕೊಂಡವಳು. ಅವನಿಗೆ ಅರ್ಧವಾದರೂ ಗೊತ್ತಿತ್ತು.

ಅಷ್ಟರಲ್ಲಿ ಅಕ್ಷತಾ ಬಂದಳು. ಕಾರ್ಕಳದ ಬಸ್ಸಿಳಿದು, ಉಡುಪಿಯಲ್ಲಿ ಇನ್ನೊಂದು ಹತ್ತಿ, ಬ್ಯಾಗು ಹೆಗಲಿಗೆ ಹಾಕಿಕೊಂಡು, ಬೆವರಿ. "ಆಂಟೀ, ಯಾವಾಗ ಬಂದ್ರಿ?" ಎನ್ನುತ್ತಲೇ ಅವಳ ಕಣ್ಣು ಹಾಳೆಗಳ ಮೇಲೆ ಬಿತ್ತು.

"ಇದೆಂತ ಪಪ್ಪ? ನಮ್ಮ ಮಕ್ಕಳ ಸಹಿಯಲ್ವಾ? ಮೇಲೆ ಏನೂ ಬರ್ದಿಲ್ಲ?"

"ನಿನಗೇ ಮಗಾ. ನೀನೇ ಬೇಕು ಅಂತ. ಆಂಟಿ ಮ್ಯಾಟರ್ ಬರೀತಾರೆ."

"ನಾನು ಇನ್ನೂ ಏನೂ ಬರೆದಿಲ್ಲ" ಎಂದೆ.

ಅವಳು ನನ್ನನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದಳು. ನಮ್ಮಿಬ್ಬರ ಮುಖ ಸರಿಯಿರಲಿಲ್ಲ ಎಂದು ಕಾಣುತ್ತದೆ. ಸದಾನಂದನೇ ಹೇಳಿದ. ಬಸ್ಸಿನ ಅರ್ಜಿ, ದೊಡ್ಡ ಮೇಷ್ಟ್ರು, ಬೆನ್ನಿ ಸರ್, ಎಲ್ಲ. ಮಗಳ ಎದುರು ಅಷ್ಟು ಹೇಳುವುದು ಸುಲಭವಲ್ಲ. ಅರ್ಧ ಗೊತ್ತಿತ್ತು ಎಂಬುದನ್ನೂ ಬಿಡಲಿಲ್ಲ.

ಅಕ್ಷತಾ ಹಾಳೆಗಳನ್ನು ತಿರುವಿ ಹೆಸರುಗಳನ್ನು ಒಂದೊಂದಾಗಿ ಓದಿದಳು. "ಇವನು ಈ ವರ್ಷ ಕ್ಲಾಸಿಗೆ ಬಂದದ್ದು ಮೂರು ದಿನ" ಎಂದಳು. "ಇವಳು ನನ್ನ ಸಬ್ಜೆಕ್ಟೇ ಅಲ್ಲ." ನಗು ಬಂದಿತ್ತು ಅವಳಿಗೆ. ಆಮೇಲೆ ನಗು ಹೋಯಿತು.

"ಇದನ್ನು ಕೊಟ್ರೆ ನನಗೆ ಖಾಯಂ ಆಗ್ಲಿಕ್ಕೂ ಸಾಕು, ಅಲ್ವಾ ಆಂಟಿ?"

"ಆಗಬಹುದು."

"ಕೊಡದಿದ್ರೆ ಆಗದೆಯೂ ಇರಬಹುದು."

"ಹೌದು."

"ಹೆಡ್ ನನ್ನ ಕ್ಲಾಸಿಗೆ ಒಂದೇ ಒಂದು ದಿನ ಬಂದದ್ದಿಲ್ಲ. ಬಾರದೆ ಸಾಧಾರಣ ಅಂತ ಬರ್ದ್ರು. ಇದರಲ್ಲಿ ಅರ್ಧ ಮಂದಿ ಬಾರದೆ ಉತ್ತಮ ಅಂತ ಸಹಿ ಹಾಕಿದ್ದಾರೆ. ಎಂತ ವ್ಯತ್ಯಾಸ?"

ಸದಾನಂದ ಸಿಟ್ಟಾದ. "ವ್ಯತ್ಯಾಸ ಎಂತದಾ? ಒಂದರಲ್ಲಿ ಕೆಲಸ ಉಂಟು, ಒಂದರಲ್ಲಿ ಇಲ್ಲ! ಎಲ್ಲರೂ ಹೀಗೇ ಮಾಡುವುದು. ನೀನೊಬ್ಬಳು ಬೋರ್ಡಿನಲ್ಲಿ ತಪ್ಪು ಬರೆದುಕೊಂಡು ಕೂತರೆ ಮತ್ತೆ..." ಅಲ್ಲಿಗೆ ನಿಂತ. ಏನು ಹೇಳಿದೆ ಎಂದು ಅವನಿಗೇ ಕೇಳಿಸಿತ್ತು.

 ಆಮೇಲೆ ಅವನೇ ಪೆನ್ನು ತೆಗೆದ. ಒಂದೊಂದು ಹಾಳೆಯ ಮೇಲೂ ಮೂಲೆಯಿಂದ ಮೂಲೆಗೆ ಗೀಟು ಎಳೆದ. ಹರಿಯಲಿಲ್ಲ. ಹರಿದ ಹಾಳೆ ಅಂಟಿಸಲಿಕ್ಕಾಗುತ್ತದೆ ಎಂದು ಅವನಿಗೆ ಗೊತ್ತು. ಹರಿದ ಬಲೆ ಹೊಲಿಯುವುದನ್ನು ದಿನಾ ನೋಡುವವನಲ್ಲವೇ.

ಮುಂದಿನದ್ದನ್ನು ಬೇಗ ಹೇಳುತ್ತೇನೆ. ಅಕ್ಷತಾ ಮರುದಿನ ಕ್ಲಾಸಿನಲ್ಲಿ ಹೇಳಿದಳಂತೆ: ನನ್ನ ಪಾಠದ ಬಗ್ಗೆ ನೀವು ಕಂಡದ್ದನ್ನು ಮಾತ್ರ, ನಿಮ್ಮ ಕೈಯಲ್ಲೇ ಬರೆದು, ಹೆಸರು ಹಾಕಿ ನೇರ ಪ್ರಿನ್ಸಿಪಾಲರಿಗೆ ಕೊಡಿ. ನನಗೆ ತೋರಿಸಬೇಡಿ. ಬೇಡದಿದ್ದರೆ ಬರೆಯಬೇಡಿ. ("ಅಂತೆ" ಎಂದೆ. ನಾನು ಅಲ್ಲಿರಲಿಲ್ಲ.)

ಅರವತ್ತು ಸಹಿ ಇದ್ದಲ್ಲಿ ಬಂದದ್ದು ಹನ್ನೊಂದು ಪತ್ರ.

ಪ್ರಿನ್ಸಿಪಾಲರು ಮೊನ್ನೆ ಸೋಮವಾರ ಅವಳನ್ನು ಕರೆದು ಓದಿಸಿದ್ದಾರೆ. ಅವಳು ಫೋನಿನಲ್ಲಿ ನನಗೆ ಹೇಳಿದಳು. ಒಬ್ಬಳು ಬರೆದಿದ್ದಾಳೆ, ಮೇಡಂ ತುಂಬಾ ಫಾಸ್ಟ್, ಹಿಂದಿನ ಬೆಂಚಿಗೆ ಕೇಳುವುದಿಲ್ಲ. ಒಬ್ಬ ಬರೆದಿದ್ದಾನೆ, ಮೊದಲ ವರ್ಷ ನೋಟ್ಸ್ ನೋಡಿ ಓದುತ್ತಿದ್ದರು, ಈ ವರ್ಷ ನೋಡುವುದಿಲ್ಲ. ಇನ್ನೊಬ್ಬಳು, ನಮ್ಮ ಅಮ್ಮ ಮೀನು ಮಾರುವ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದು ಬೇಡಿಕೆ, ಪೂರೈಕೆ ಹೇಳಿಕೊಟ್ಟರು, ಅಂದಿನಿಂದ ನಾನು ಅಮ್ಮನ ಒಟ್ಟಿಗೆ ಮಾರ್ಕೆಟಿಗೆ ಹೋಗಲು ನಾಚುವುದಿಲ್ಲ.

"ಹನ್ನೊಂದೂ ಫೈಲಿಗೆ ಸೇರಿಸಿ ಅಂದೆ ಆಂಟಿ. ಫಾಸ್ಟ್ ಅಂತ ಬರ್ದದ್ದನ್ನೂ."

"ಹೆದರಿಕೆ ಆಗುವುದಿಲ್ವಾ?"

"ಆಗ್ತದೆ. ಅರವತ್ತು ಇದ್ದದ್ದು ಹನ್ನೊಂದಾಯ್ತಲ್ಲ."

ಫೈಲು ಮೇಲೆ ಹೋಗಿದೆ. ಏನಾಗುತ್ತದೋ ಗೊತ್ತಿಲ್ಲ. ಅಲ್ಲಿ ಕೂತವರು ಹನ್ನೊಂದು ಪತ್ರ ಓದುತ್ತಾರೋ, "ಸಾಧಾರಣ" ಎಂಬ ಒಂದು ಶಬ್ದ ಓದುತ್ತಾರೋ ಅದೂ ಗೊತ್ತಿಲ್ಲ. ಖಾಯಂ ಮಾಡುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬುದಕ್ಕೆ ಹೋದ ತಿಂಗಳು ನನ್ನ ಬಳಿ ಸಿದ್ಧ ಉತ್ತರವಿತ್ತು. ಈ ತಿಂಗಳು ಇಲ್ಲ. ಸರ್ಕಾರದ ಕೈಗೆ ಕೊಟ್ಟರೆ ಅದು ದೂರ ಕೂತು ಸಹಿ ಹಾಕುತ್ತದೆ. ವಿಭಾಗದವರಿಗೆ ಕೊಟ್ಟರೆ ಪಕ್ಕದ ಕೋಣೆಯಲ್ಲಿ ಕೂತು ಹಾಕುತ್ತಾರೆ. ಮಕ್ಕಳಿಗೆ ಕೊಟ್ಟರೆ? ನಾವೂ ಮಕ್ಕಳೇ ಆಗಿದ್ದೆವು. ಮೇಷ್ಟ್ರ ಎದುರೇ ಬೆಂಚಿನಲ್ಲಿ ಕೂತು, ಬನ್ಸ್ ತಿನ್ನುವ ಅವಸರದಲ್ಲಿ ಹಾಕಿದೆವು. ಈಗ ನನಗೆ ಒಪ್ಪಿಗೆಯಾಗುವುದು ಕೆಮ್ಮಣ್ಣಿನ ಮಾತೊಂದೇ: ಯಾರಾದರೂ ಆಗಲಿ, ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ಬರಲಿ.

ಇದನ್ನೆಲ್ಲ ಬರೆದು, ಅಚ್ಚಿಗೆ ಕಳಿಸುವ ಮೊದಲು ಬೆನ್ನಿ ಸರ್‌ಗೆ ಫೋನಿನಲ್ಲಿ ಓದಿ ಹೇಳಿದೆ. ಸದಾನಂದ ಅವರಲ್ಲಿಗೆ ಹೋಗಿ ಬಂದಿದ್ದಾನೆ ಎಂದು ಆಗ ಗೊತ್ತಾಯಿತು. ಒಂದು ಹೊಸ ಬೀಸುಬಲೆ ಕೊಟ್ಟು ಏನೂ ಮಾತಾಡದೆ ಬಂದನಂತೆ. ಸರ್ ಹೊಳೆಗೆ ಬಲೆ ಬೀಸಲು ಕಲಿಯುತ್ತಿದ್ದಾರಂತೆ.

"ಎಷ್ಟು ತಪ್ಪು ಸರ್?"

"ಒಂದೇ. ಬೊಂಡ ಕೆತ್ತಿದ್ದು ನಾನಲ್ಲ, ಟೀಚರ್. ನನಗೆ ಕತ್ತಿ ಹಿಡಿಯಲಿಕ್ಕೆ ಅವಳು ಬಿಡುವುದಿಲ್ಲ."

"ತಿದ್ದಬೇಕಾ?"

"ಬೇಡ. ಕೊನೆಗೆ ಬರಿ. ಶನಿವಾರ ಬರೆದ ಹಾಗೆ."

ಬರೆದಿದ್ದೇನೆ. ಬೆನೆಡಿಕ್ಟ್ ಸರ್ ನಮ್ಮನ್ನು ಬಿಟ್ಟು ಗಲ್ಫಿಗೆ ಹೋಗಲಿಲ್ಲ. ನಾವು ಅವರನ್ನು ಕಳಿಸಿದೆವು, ಓದದೆ. ಮರ ಗೋಳಿಯದು. ಬೊಂಡ ಟೀಚರದ್ದು. ಮೂರನೆಯ ಸಹಿ ನನ್ನದು.

ಇನ್ನು ನೀವು ಹೇಳಿ: ಸೊಸೈಟಿಯ ಮೀಟಿಂಗಿನಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ, ಮೊಬೈಲಿನ "ಒಪ್ಪಿದ್ದೇನೆ" ಎಂಬ ಚೌಕದಲ್ಲಿ ಈ ವಾರ ನೀವು ಹಾಕಿದ ಸಹಿಯ ಮೇಲೆ ಏನು ಬರೆದಿತ್ತು?